ಸುಣ್ಣದ ಗೀಟು

ಮೇಸ್ತ್ರಿ ತಮ್ಮ ಊರು ಮಗ್ಗೆಯಲ್ಲಿ ತೀರಿಕೊಂಡರು ಅಂತ ಸುದ್ದಿ ಬಂದ ದಿನ ನಮ್ಮ ಹೋಟೆಲಿನಲ್ಲಿ ಕಾಫಿಗಿಂತ ಮಾತೇ ಹೆಚ್ಚು ಖರ್ಚಾಯಿತು. ನಮ್ಮ ಹಾನುಬಾಳಿನಲ್ಲಿ ಮನುಷ್ಯ ಒಳ್ಳೆಯವನಾಗಬೇಕಾದರೆ ಮೊದಲು ಸಾಯಬೇಕು. ಬದುಕಿದ್ದಾಗ 'ಆ ಮೊಂಡ' ಅಂದವರೇ ಅವತ್ತು ಬೆಂಚಿನ ಮೇಲೆ ಸಾಲಾಗಿ ಕೂತು, "ಏನ್ ಮೂಗು ಮಾರಾಯ ಅವರ್ದು, ಇನ್ ಅಂಥ ಮೂಗು ಹುಟ್ಟಲ್ಲ" ಎಂದು ತಲೆದೂಗಿದರು. ನಾನು ಒಳಗೆ ದೋಸೆ ಹುಯ್ಯುತ್ತಿದ್ದೆ. ಕೇಳಿ ಹೊಟ್ಟೆ ಉರಿಯಿತು. ಆ ಮೂಗಿನ ಕಥೆ ಈ ಊರಿಗೆ ಅರ್ಧ ಮಾತ್ರ ಗೊತ್ತು. ಉಳಿದರ್ಧವನ್ನು ಮೇಸ್ತ್ರಿ ಊರು ಬಿಡುವ ಮುಂಚೆ ತಾವೇ ಬಾಯಿಬಿಟ್ಟು ಹೇಳಿದ್ದರು. ಬೇಜಾರಿನಲ್ಲಿ ಏನೋ ಅಂತಾರೆ ಬಿಡು ಅಂತ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರ ಹೆಸರು ಇಲ್ಲಿ ಬೇಡ. ಊರಿಗೆ ಅವರು ತಗಡಿನ ಮೇಸ್ತ್ರಿ, ನನಗೆ ಬರೀ ಮೇಸ್ತ್ರಿ. ತೊಂಬತ್ತರ ದಶಕದ ಶುರುವಿನಲ್ಲಿ ನಾನೂ ನನ್ನ ಯಜಮಾನರೂ ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲು ಇಟ್ಟಾಗ, ಗೋಡೆಗೆ ಗೋಡೆ ತಾಗಿಕೊಂಡು ಅವರ ಶೆಡ್ಡು ಆಗಲೇ ಇತ್ತು. ಶೆಡ್ಡಿನ ಹಿಂದಿನ ಕೋಣೆಯಲ್ಲೇ ವಾಸ, ನಮ್ಮಲ್ಲಿ ಊಟ, ವಾರಕ್ಕೊಮ್ಮೆ ಮಗ್ಗೆಯ ಮನೆಗೆ ಹೋಗಿ ಬರುವುದು. ಖಾಕಿ ಚಡ್ಡಿ, ಅರ್ಧ ತೋಳಿನ ಬನಿಯನ್ನು, ಸೊಂಟದಲ್ಲಿ ಸುಣ್ಣದ ಡಬ್ಬಿ. ಎಲೆಅಡಿಕೆ ಬಾಯಲ್ಲಿದ್ದಾಗ ಮಾತಾಡುತ್ತಿರಲಿಲ್ಲ, ಇಲ್ಲದಾಗ ಮಾತಾಡುವ ಮನಸ್ಸಿರುತ್ತಿರಲಿಲ್ಲ. ಆದರೂ ನನಗೆ ಆ ಮನುಷ್ಯ ಕಂಡರೆ ಇಷ್ಟ. ಸಾರಿಗೆ ಉಪ್ಪು ಕಡಿಮೆಯಾದರೆ ಮುಖ ಸಿಂಡರಿಸದೆ ಕಡಿಮೆಯಾಗಿದೆ ಅಂತ ಹೇಳುತ್ತಿದ್ದವರು ಅವರೊಬ್ಬರೇ.

ಶೆಡ್ಡಿನ ಗೋಡೆಯಲ್ಲಿ ಹತಾರಗಳು ಮೊಳೆಗೆ ನೇತಾಡುತ್ತಿದ್ದವು. ನೇರ ಮೂತಿಯ ಕತ್ತರಿ, ಎಡಕ್ಕೆ ಬಾಗಿದ್ದು, ಬಲಕ್ಕೆ ಬಾಗಿದ್ದು, ಆಕ್ಸಾ ಬ್ಲೇಡು, ಚಾಣ, ಮರದ ಕೊಡತಿ. ಕೆಳಗೆ ಒಂದು ಕಾಲನ್ನು ದಿಮ್ಮಿಯಲ್ಲಿ ಹೂತ ದೊಡ್ಡ ಕತ್ತರಿ, ಇನ್ನೊಂದು ಕಾಲಿನ ಮೇಲೆ ಮೈಭಾರ ಹಾಕಿ ಒತ್ತಬೇಕು. ಕತ್ತರಿಸುವುದಕ್ಕೆ ಒಂದು ಕತ್ತರಿ ಸಾಲದೇ, ಇಷ್ಟೆಲ್ಲ ಯಾಕೆ ಅಂತ ನಾನು ಒಮ್ಮೆ ತಮಾಷೆ ಮಾಡಿದೆ. ಅವರು ನನ್ನ ಅಡಿಗೆಮನೆಗೆ ಇಣುಕಿ, ಸೌತೆಕಾಯಿಗೆ ಈಳಿಗೆಮಣೆ, ತೆಂಗಿನಕಾಯಿಗೆ ಕತ್ತಿ, ಮೆಣಸಿನಕಾಯಿಗೆ ಚಾಕು ಇಟ್ಟುಕೊಂಡವಳು ಇದನ್ನ ನನ್ನ ಕೇಳ್ತಿದೀಯಲ್ಲ ಅಂದರು.

ತಗಡು ಬಂದರೆ ಮೊದಲು ಉಗುರಿನಿಂದ ತಟ್ಟಿ ಕೇಳುವರು. ಆಮೇಲೆ ಒಂದು ಮೂಲೆ ಬಗ್ಗಿಸಿ ಬಿಟ್ಟು, ಅದು ಹೇಗೆ ವಾಪಸ್ಸು ಹಾರುತ್ತದೆ ಅಂತ ನೋಡುವರು. ಅದಾದ ಮೇಲೇ ಗೋಡೆಯ ಕಡೆ ತಿರುಗಿ ಹತಾರ ಇಳಿಸುವುದು. ತೆಳು ತಗಡಿಗೆ ಬ್ಲೇಡು ಹಾಕಿದರೆ ಹಲ್ಲು ಸಿಕ್ಕಿಕೊಂಡು ಹರಿಯುತ್ತದೆ. ನೇರ ಕತ್ತರಿಯಲ್ಲಿ ದುಂಡಗೆ ತಿರುಗಿಸಲು ಹೋದರೆ ಅಂಚು ಸೊಟ್ಟಗಾಗುತ್ತದೆ. ಸರಿಯಾದ ಕತ್ತರಿಯೇ ಸಿಕ್ಕಿದರೂ ಅದರ ಬಾಯನ್ನು ಪೂರ್ತಿ ಮುಚ್ಚಬಾರದು, ಮುಚ್ಚಿದ ಕಡೆಯೆಲ್ಲ ಒಂದೊಂದು ಮುಳ್ಳು ಉಳಿಯುತ್ತದೆ. ಇದೆಲ್ಲ ಅವರು ನನಗೆ ಕೂರಿಸಿಕೊಂಡು ಪಾಠ ಮಾಡಿದ್ದಲ್ಲ, ಹಿತ್ತಿಲ ಬಾಗಿಲಲ್ಲಿ ಅಕ್ಕಿ ಆರಿಸುತ್ತ ವರ್ಷಗಟ್ಟಲೆ ನೋಡಿದ್ದು.

"ತೆಳು ತಗಡಿಗೆ ಕೋಪ ಜಾಸ್ತಿ ಕಣವ್ವ. ದಪ್ಪಂದು ಹೊಡಿಸ್ಕಂಡು ಸುಮ್ನಿರ್ತದೆ, ತೆಳ್ಳಗಿರೋದು ತಿರುಗ್ಬಂದು ಕುಯ್ತದೆ" ಎನ್ನುತ್ತಿದ್ದರು. ಅಂಚು ಮಡಿಸದೆ ಒಂದು ಸಾಮಾನನ್ನೂ ಕೈಗೆ ಕೊಟ್ಟವರಲ್ಲ. ನಮ್ಮ ಒಲೆಯ ಹೊಗೆಕೊಳವೆಯ ಒಳಗಿನ ಅಂಚನ್ನೂ ಮಡಿಸಿದ್ದರು. ಅಲ್ಲಿಗೆ ಯಾರ ಕೈ ಹೋಗುತ್ತದೆ ಅಂದರೆ, ಇಲಿ ಹೋಗಲ್ವಾ ಅಂದರು.

ಹಠವೂ ಅಷ್ಟೇ ಇತ್ತು. ಒಂದು ಸಲ ನಾನು ಅವರಿಲ್ಲದಾಗ ನೇರ ಕತ್ತರಿ ತಂದು ಎಣ್ಣೆ ಡಬ್ಬದ ಮುಚ್ಚಳ ಕತ್ತರಿಸಿ, ಏನೂ ಆಗದವಳಂತೆ ಮೊಳೆಗೆ ಸಿಕ್ಕಿಸಿ ಬಂದೆ. ಸಂಜೆ ಊಟಕ್ಕೆ ಬಂದವರು ಮಾತಿಲ್ಲ. ಮಾರನೆಯ ದಿನವೂ ಮಾತಿಲ್ಲ. ಆಮೇಲೆ ಸಕಲೇಶಪುರದಿಂದ ಒಂದು ಸಣ್ಣ ಕತ್ತರಿ ತಂದು ಗಲ್ಲಾದ ಮೇಲಿಟ್ಟು, "ಇದು ನಿಂದು" ಅಂದರು. ಅದು ಈಗಲೂ ನನ್ನ ಹತ್ತಿರ ಇದೆ.

ಇನ್ನು ಡ್ರಮ್ಮಿನ ವಿಷಯ. ಸುತ್ತಲ ಎಸ್ಟೇಟುಗಳಿಂದ ಖಾಲಿ ಡ್ರಮ್ಮುಗಳು ಬರುತ್ತಿದ್ದವು. ಡೀಸೆಲಿನದು, ಸೀಮೆಎಣ್ಣೆಯದು, ಬಣ್ಣಕ್ಕೆ ಬೆರೆಸುವ ತಿನ್ನರಿನದು, ಅಡಿಗೆ ಎಣ್ಣೆಯದು. ಮೇಲಿನ ಮುಚ್ಚಳ ತೆಗೆಸಿದರೆ ಕಾಫಿ ಗಿಡಕ್ಕೆ ಹೊಡೆಯುವ ಮೈಲುತುತ್ತ ಕಲಸುವುದಕ್ಕೆ ತೊಟ್ಟಿ ಆಗುತ್ತದೆ. ಉದ್ದಕ್ಕೆ ಸೀಳಿ ಬಿಡಿಸಿದರೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಗೆ ತಗಡು. ಖಾಲಿ ಡ್ರಮ್ಮು ಅಂತ ಯಾವುದೂ ಇಲ್ಲ ಅಂತ ಮೇಸ್ತ್ರಿ ಹೇಳುತ್ತಿದ್ದರು. ಒಳಗಿನ ಎಣ್ಣೆ ಹೋದರೂ ಅದರ ಹಬೆ ಇರುತ್ತದೆ, ಹಬೆ ಹೋದರೂ ತಳದ ಅಂಚಿನ ಮಡಿಕೆ ಒಂದಿಷ್ಟು ಕುಡಿದುಕೊಂಡು ಕೂತಿರುತ್ತದೆ, ಅಲ್ಲಿಗೆ ಕಿಡಿ ತಾಗಿದರೆ ಡ್ರಮ್ಮೇ ಸಿಡಿಯುತ್ತದೆ.

ಅದಕ್ಕೆ ಅವರದೊಂದು ಕ್ರಮ. ಡ್ರಮ್ಮಿನ ಬಿರಡೆ ಬಿಗಿಯಾಗಿ ತಿರುಗಿಸಿ ಬೆಳಿಗ್ಗೆಯಿಂದ ಬಿಸಿಲಿಗೆ ನಿಲ್ಲಿಸುವರು. ಮಡಿಕೆಯಲ್ಲಿ ಅಡಗಿದ್ದು ಕಾದು ಮೇಲೆ ಬರಲಿ ಅಂತ. ನಮ್ಮ ಹೋಟೆಲಿನ ಗೋಡೆ ಪಕ್ಕ ಅವು ಸಾಲಾಗಿ ನಿಂತಿರುತ್ತಿದ್ದವು. ಬಿಸಿಲೇರಿದ ಹಾಗೆ ಅವುಗಳ ಹೊಟ್ಟೆ ಉಬ್ಬಿ ಡಬ್ ಅನ್ನುತ್ತಿತ್ತು, ಒಂದು ನಿಂತರೆ ಇನ್ನೊಂದು. ಎಷ್ಟು ವರ್ಷವಾದರೂ ನನಗೆ ಆ ಸದ್ದು ರೂಢಿಯಾಗಲಿಲ್ಲ. ಒಳಗೆ ಯಾರನ್ನೋ ಕೂಡಿಹಾಕಿದ್ದಾರೆ, ಅವರು ಹೊರಗೆ ಬರಲು ಗುದ್ದುತ್ತಿದ್ದಾರೆ ಅನ್ನಿಸಿ ಸೌಟು ಕೈಯಲ್ಲೇ ನಿಲ್ಲುತ್ತಿತ್ತು.

ಮಧ್ಯಾಹ್ನ ಮೇಸ್ತ್ರಿ ಬಂದು ಬಿರಡೆ ತೆಗೆದು, ಬಾಯಿಗೆ ಮೂಗಿಟ್ಟು ಕಣ್ಣು ಮುಚ್ಚುವರು. ಇದು ಸೀಮೆಎಣ್ಣೆ, ಇದು ಡೀಸೆಲು, ಇದು ಕಡಲೆಕಾಯಿ ಎಣ್ಣೆ ಅಂತ ಹೇಳಿದ್ದು ಹೇಳಿದ್ದೇ. ಅಪಾಯದ ಡ್ರಮ್ಮಾದರೆ ಸೊಂಟದ ಡಬ್ಬಿಯಿಂದ ಬೆರಳಲ್ಲಿ ಸುಣ್ಣ ತೆಗೆದು ಹೊಟ್ಟೆಯ ಮೇಲೊಂದು ಗೀಟು ಎಳೆಯುವರು. ಗೀಟು ಬಿದ್ದದ್ದಕ್ಕೆ ಕಂಠಮಟ್ಟ ನೀರು ತುಂಬಿಸಿ, ಚಾಣ ಇಟ್ಟು ಕೊಡತಿಯಲ್ಲಿ ಮೆಲ್ಲಗೆ ಕಡಿಯುತ್ತ ಹೋಗಬೇಕು. ಗೀಟಿಲ್ಲದ್ದಕ್ಕೆ ಯಾವ ಹತಾರವಾದರೂ ಆದೀತು. ಆಲೂರಿನಲ್ಲಿ ಅವರಿಗೆ ಕೆಲಸ ಕಲಿಸಿದವರು ಹೇಗೆ ತೀರಿಕೊಂಡರು ಅಂತ ನಾನೊಮ್ಮೆ ಕೇಳಿದ್ದೆ. ಬಾಯಲ್ಲಿದ್ದ ಎಲೆಅಡಿಕೆ ಉಗಿದು ಎದ್ದು ಹೋದರು. ಮತ್ತೆ ಕೇಳುವ ಧೈರ್ಯ ಬರಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ ವನಗೂರಿನ ಲೋಕೇಶ ಶೆಡ್ಡಿನ ಅರ್ಧ ಭಾಗ ಬಾಡಿಗೆಗೆ ಹಿಡಿದು ವೆಲ್ಡಿಂಗ್ ಶುರುಮಾಡಿದ. ಮದುವೆಯಾಗಿದ್ದ ಗಟ್ಟಿ ಆಳು, ನಗುಮುಖ. ಅವನ ಜೊತೆ ಗ್ರೈಂಡರ್ ಮಿಷನ್ನೂ ಬಂತು. ಮೇಸ್ತ್ರಿ ಅರ್ಧ ದಿನ ಚಾಣದಲ್ಲಿ ಕಡಿಯುವುದನ್ನು ಅದು ಒಂದು ಎಲೆಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಕುಯ್ದು ಬಿಸಾಡುತ್ತಿತ್ತು. ಇಬ್ಬರಿಗೂ ಎಣ್ಣೆ ಸೀಗೆಕಾಯಿ ಆಗುತ್ತದೆ ಅಂತ ಊರು ಕಾಯಿತು. ಆಗಲಿಲ್ಲ. ದಪ್ಪ ಪಟ್ಟಿ, ಸರಳು ಬಂದರೆ ಮೇಸ್ತ್ರಿಯೇ ಲೋಕೇಶನ ಕಡೆ ತಳ್ಳುವರು. ತೆಳು ತಗಡು ಬಂದರೆ ಅವನೇ ತಂದು ಇವರ ಮುಂದಿಡುವನು, ಮಿಷನ್ನಿನ ಕಾವಿಗೆ ಅಂಚಿನ ಸತುವು ಸುಟ್ಟು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ ಅಂತ ಅವನಿಗೂ ಗೊತ್ತಿತ್ತು. ಡ್ರಮ್ಮುಗಳಲ್ಲಿ ಗೀಟು ಬಿದ್ದದ್ದು ಮೇಸ್ತ್ರಿಗೆ, ಗೀಟಿಲ್ಲದ್ದು ಲೋಕೇಶನಿಗೆ. ಹೀಗೆ ಚೆನ್ನಾಗಿಯೇ ನಡೆದಿತ್ತು.

ಆಮೇಲೆ ಯಾವಾಗಲೋ ಎಲ್ಲ ಡ್ರಮ್ಮಿಗೂ ಗೀಟು ಬೀಳತೊಡಗಿತು. ನಾನು ಗಮನಿಸುವ ಹೊತ್ತಿಗೆ ನಮ್ಮ ಗೋಡೆ ಪಕ್ಕ ಗೀಟಿಲ್ಲದ ಒಂದು ಡ್ರಮ್ಮೂ ಇರಲಿಲ್ಲ. ನಮ್ಮ ಹೋಟೆಲಿನದೇ ಅಡಿಗೆ ಎಣ್ಣೆ ಡ್ರಮ್ಮಿಗೂ ಗೀಟು. ಇದರಲ್ಲಿ ಏನಿತ್ತು ಅಂತ ನನಗೆ ಗೊತ್ತಿಲ್ಲವೇ ಅಂದರೆ, ನಿನಗೆ ಕೊಡುವ ಮುಂಚೆ ಏನಿತ್ತು ಅಂತ ಗೊತ್ತೇ ಅಂದರು. ಒಂದು ಡ್ರಮ್ಮಿಗೆ ವಾರಗಟ್ಟಲೆ ಕಾಯಬೇಕಾಯಿತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು ಬಂದು ಗೊಣಗಿ ಹೋದರು. ಮುದುಕನಿಗೆ ಹುಡುಗನ ಮಿಷನ್ ಕಂಡರೆ ಹೊಟ್ಟೆಕಿಚ್ಚು, ಅದಕ್ಕೇ ಹೀಗೆ ಗೀಟೆಳೆದು ಕೂರುತ್ತಾನೆ ಅಂತ ಬೆಂಚಿನ ಮೇಲೆ ತೀರ್ಮಾನವೂ ಆಯಿತು. ಸುಳ್ಳೇಕೆ ಹೇಳಲಿ, ನನಗೂ ಹಾಗೇ ಅನ್ನಿಸಿತ್ತು. ಲೋಕೇಶನ ಮುಂದೆ ಅಂದೆ ಕೂಡ. ಅವನು ಲೋಟದ ತಳ ನೋಡುತ್ತ, "ಇರ್ಲಿ ಬುಡಕ್ಕ, ಪಾಪ" ಅಂದ. ಆ ಪಾಪ ಯಾಕೆ ಅಂತ ನಾನು ಕೇಳಲಿಲ್ಲ.

ಅದೇ ದಿನಗಳಲ್ಲಿ ಒಮ್ಮೆ ಹಾಲು ತಳ ಹಿಡಿದು ಸೀದುಹೋಯಿತು. ಬೆಂಚಿನ ಮೇಲಿದ್ದವರೆಲ್ಲ ಲೋಟ ಕೆಳಗಿಟ್ಟು ನನ್ನ ಯಜಮಾನರ ಮುಖ ನೋಡಿದರು. ಮೇಸ್ತ್ರಿ ಮಾತ್ರ ಪೂರ್ತಿ ಕುಡಿದು ಲೋಟ ತೊಳೆದಿಟ್ಟು ಹೋದರು. ಉಪ್ಪು ಕಡಿಮೆಯಾದರೂ ಬಿಡದವರು ನನ್ನ ಮುಖ ಉಳಿಸಲು ಸುಮ್ಮನಿದ್ದರಲ್ಲ ಅಂತ ನನಗೆ ಕಣ್ಣು ತುಂಬಿ ಬಂತು.

ಜನವರಿ, ಪಲ್ಪರ್ ಓಡುವ ಕಾಲ. ಮೇಸ್ತ್ರಿ ಮಗ್ಗೆಗೆ ಹೋಗಿದ್ದರು. ವನಗೂರು ಕಡೆಯ ಎಸ್ಟೇಟಿನ ಜೀಪು ಬೆಳಿಗ್ಗೆಯೇ ಬಂದು ನಿಂತಿತು, ಅವರ ಡ್ರಮ್ಮು ಅವತ್ತೇ ಬೇಕಿತ್ತು. ಡ್ರಮ್ಮಿನ ಮೇಲೆ ಗೀಟಿತ್ತು. ಇಬ್ಬನಿ ಇನ್ನೂ ಕರಗಿರಲಿಲ್ಲ. ಲೋಕೇಶ ಬಿರಡೆ ತೆಗೆದು ತಾನೇ ಮೂಸಿ ನೋಡಿ, ಇದರಲ್ಲಿ ಏನೂ ಇಲ್ಲ ಅಂದನಂತೆ. ಜೀಪಿನ ಡ್ರೈವರ್ ಆಮೇಲೆ ಹೇಳಿದ್ದು. ಮಿಷನ್ನಿನ ಸದ್ದು ಶುರುವಾದದ್ದು ನನಗೆ ಕೇಳಿಸಿತು. ಅದರ ಹಿಂದೆಯೇ ಇನ್ನೊಂದು ಸದ್ದು ಬಂತು. ನಮ್ಮ ಕಪಾಟಿನ ಲೋಟಗಳೆಲ್ಲ ನೆಲಕ್ಕೆ ಬಿದ್ದವು, ಗೋಡೆಯ ಗಾರೆ ಉದುರಿ ಹಿಟ್ಟಿನ ಪಾತ್ರೆಗೆ ಬಿತ್ತು. ನಾನು ಓಡಿದಾಗ ಡ್ರಮ್ಮಿನ ಮುಚ್ಚಳ ಶೆಡ್ಡಿನ ಸೂರು ಹರಿದುಕೊಂಡು ಹೋಗಿತ್ತು. ಹೋಗುವಾಗ ಅದರ ಅಂಚು ಲೋಕೇಶನ ಮುಖಕ್ಕೆ ಬಡಿದಿತ್ತು. ನಾನು ನೋಡಿದ್ದನ್ನು ಬರೆಯುವುದಿಲ್ಲ.

ಹಾಸನದ ಆಸ್ಪತ್ರೆಯಲ್ಲಿ ಜೀವ ಉಳಿಸಿದರು. ಒಂದು ಕಣ್ಣು ಹೋಯಿತು, ಇನ್ನೊಂದರಲ್ಲಿ ಬರೀ ಬೆಳಕು ಉಳಿಯಿತು. ಸುದ್ದಿ ಕೇಳಿ ಮಗ್ಗೆಯಿಂದ ಓಡಿ ಬಂದ ಮೇಸ್ತ್ರಿ ನನ್ನನ್ನು ಕೇಳಿದ ಮೊದಲ ಮಾತು, ಮೂಸುವ ಮುಂಚೆ ಅವನು ಡ್ರಮ್ಮನ್ನು ಬಿಸಿಲಿಗಿಟ್ಟಿದ್ದನೇ ಅಂತ. ಇಲ್ಲ ಅಂದೆ. ಅವರು ಹಾಗೇ ನೆಲದ ಮೇಲೆ ಕೂತುಬಿಟ್ಟರು. ಬೆಳಗಿನ ಚಳಿಯಲ್ಲಿ ಮಡಿಕೆಯೊಳಗಿನದು ವಾಸನೆ ಕೊಡುವುದಿಲ್ಲ, ಮಿಷನ್ನಿನ ಕಾವು ತಾಗಿದ ಮೇಲೇ ಏಳುತ್ತದೆ. ಆ ಕ್ರಮವನ್ನು ಅವನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ, ಮೂಸುವ ಕೆಲಸ ಅವನದಾಗಿರಲೇ ಇಲ್ಲ.

ಊರಿಗೆ ಈಗ ಹೊಸ ಮಾತು ಸಿಕ್ಕಿತು. ಮೇಸ್ತ್ರಿ ಗೀಟೆಳೆದಿದ್ದರು, ಹುಡುಗ ಕೇಳಲಿಲ್ಲ. ಹೊಟ್ಟೆಕಿಚ್ಚಿನ ಮುದುಕ ರಾತ್ರಿ ಬೆಳಗಾಗುವುದರೊಳಗೆ ಮಹಾತ್ಮನಾದ. ಆಲೂರು ಕಡೆಯಿಂದಲೂ ಡ್ರಮ್ಮು ಬರತೊಡಗಿದವು. ಜನ ಅವರನ್ನು ಹೊಗಳಿದಷ್ಟೂ ಅವರು ಕುಗ್ಗಿದರು. ಊಟ ಅರ್ಧಕ್ಕೇ ಬಿಡುವರು. ನಮ್ಮ ಗೋಡೆ ಪಕ್ಕ ಡ್ರಮ್ಮಿನ ಸಾಲು ರಸ್ತೆಯ ತನಕ ಬೆಳೆಯಿತು, ಎಲ್ಲದರ ಹೊಟ್ಟೆಯ ಮೇಲೂ ಗೀಟು. ಮಧ್ಯಾಹ್ನದ ಹೊತ್ತು ಅವೆಲ್ಲ ಡಬ್ ಡಬ್ ಅನ್ನುವಾಗ ನಾನು ಮಕ್ಕಳನ್ನು ಹಿತ್ತಿಲ ಕಡೆಗೆ ಕಳಿಸಿಬಿಡುತ್ತಿದ್ದೆ.

ಮಾರ್ಚಿನಲ್ಲಿ ಹೂಮಳೆ ಬಿತ್ತು. ಕಾಫಿ ಅರಳುವುದಕ್ಕೆ ಆ ಒಂದು ಮಳೆ ಸಾಕು. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಹೊರಗೆಲ್ಲ ಮಂಜು, ಎದುರಿನ ತೋಟ ಕಾಣುತ್ತಿರಲಿಲ್ಲ. ವಾಸನೆ ಮಾತ್ರ ಮನೆಯೊಳಗೇ ನುಗ್ಗಿ ಬಂತು. ಕಾಫಿ ಹೂವಿನ ವಾಸನೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಅವತ್ತು ಒಗ್ಗರಣೆ ಹಾಕಿದರೂ ಒಗ್ಗರಣೆ ಗೊತ್ತಾಗುವುದಿಲ್ಲ. ಮೇಸ್ತ್ರಿ ಬಂದು ಬೆಂಚಿನ ಮೇಲೆ ಕೂತು ಮಂಜಿನ ಕಡೆ ನೋಡುತ್ತ ಕೇಳಿದರು.

"ಈ ವರ್ಷ ಹೂವು ತಡ ಆಯ್ತಲ್ವೇನವ್ವ? ಮಳೆ ಬಿದ್ದು ಇಷ್ಟ್ ದಿನ ಆಯ್ತು."

ನಾನು ಅವರ ಮುಖ ನೋಡಿದೆ. ಸೀದ ಹಾಲು, ನಮ್ಮ ಎಣ್ಣೆ ಡ್ರಮ್ಮಿನ ಮೇಲಿನ ಗೀಟು, ಎಲ್ಲ ಒಟ್ಟಿಗೆ ತಲೆಗೆ ಬಂತು. ನನ್ನ ಮುಖ ನೋಡಿ ಅವರಿಗೂ ತಿಳಿಯಿತು. ಲೋಟ ಕೆಳಗಿಟ್ಟು, "ಬಂದ್ಬುಟ್ಟೈತಾ?" ಅಂದರು.

ಆಮೇಲೆ ಮುಚ್ಚುಮರೆ ಇಲ್ಲದೆ ಹೇಳಿದರು. ಬೆಸುಗೆಗೆ ಹಾಕುವ ಆಸಿಡ್ಡಿನ ಹೊಗೆಯನ್ನು ಜೀವಮಾನವಿಡೀ ಕುಡಿದು ಮೂಗು ಸ್ವಲ್ಪಸ್ವಲ್ಪವೇ ಸತ್ತಿತ್ತು. ಪೂರ್ತಿ ಹೋಗಿ ವರ್ಷದ ಮೇಲಾಗಿತ್ತು. ಮೂಗಿಲ್ಲ ಅಂತ ಗೊತ್ತಾದರೆ ಜನ ಡ್ರಮ್ಮು ತರುವುದು ನಿಲ್ಲಿಸುತ್ತಾರೆ, ಎಲ್ಲೋ ಯಾರ ಹತ್ತಿರವೋ ಕುಯ್ಯಿಸಿ ಸಾಯುತ್ತಾರೆ.

"ಎಲ್ಲದುಕ್ಕೂ ಗೀಟೆಳುದ್ರೆ ಯಾರ್ಗೂ ಏನೂ ಆಗಲ್ಲ ಅಂದ್ಕಂಡೆ ಕಣವ್ವ" ಅಂದರು. "ಎಲ್ಲದುಕ್ಕೂ ಎಳುದ್ರೆ ಗೀಟಿಗೆ ಬೆಲೆ ಇರಲ್ಲ ಅಂತ ಹೊಳೀಲಿಲ್ಲ."

ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಲೋಕೇಶ ವನಗೂರಿನ ಮನೆಯಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದ. ಮೇಸ್ತ್ರಿ ಮಾತು ಕೇಳದೆ ಕೆಟ್ಟ ಅಂತ ಅವನ ಹೆಂಡತಿಯ ಮುಂದೆಯೇ ನೆಂಟರು ಬೈಯುತ್ತಿದ್ದರು. ಆ ಬೈಗುಳದಲ್ಲಿ ಅರ್ಧ ಇವರಿಗೆ ಸೇರಬೇಕಾದ್ದು. ಇದನ್ನು ಅವನಿಗೆ ಹೇಳದೆ ನೀವು ಇನ್ನೊಂದು ಡ್ರಮ್ಮು ಮುಟ್ಟಬೇಡಿ, ನಾನು ಊಟವನ್ನೂ ಹಾಕುವುದಿಲ್ಲ ಅಂದೆ. ಅವರು ತಲೆ ಎತ್ತದೆ, ನೀನೂ ಜೊತೆಗೆ ಬಾ ಅಂದರು.

ಜೀಪಿನಲ್ಲಿ ಹೋದೆವು. ದಾರಿಯುದ್ದಕ್ಕೂ ಎರಡೂ ಕಡೆ ತೋಟ ಬೆಳ್ಳಗೆ ಅರಳಿತ್ತು, ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಮೇಸ್ತ್ರಿ ಕೈಗಳನ್ನು ತೊಡೆಯ ನಡುವೆ ಸಿಕ್ಕಿಸಿಕೊಂಡು ಕೂತಿದ್ದರು. ಲೋಕೇಶ ಜಗಲಿಯ ಮೇಲೆ ಚಾಪೆ ಹಾಕಿಕೊಂಡು ಬಿಸಿಲಿಗೆ ಮುಖ ಕೊಟ್ಟು ಕೂತಿದ್ದ. ಹೆಜ್ಜೆ ಸದ್ದಿನಲ್ಲೇ ಗುರುತು ಹಿಡಿದು, ಮೇಸ್ತ್ರಿ ಬಂದ್ರಾ ಅಂತ ಎದ್ದು ನಿಲ್ಲಲು ನೋಡಿದ. ಅವನ ಹೆಂಡತಿ ಮಣೆ ಹಾಕಿ ಒಳಗೆ ಹೋದಳು. ಕುಶಲ ಕೇಳುವುದು ಮುಗಿದ ಮೇಲೆ ಲೋಕೇಶನೇ ಕೇಳಿದ.

"ಅದ್ರಲ್ಲಿ ಏನಿತ್ತು ಮೇಸ್ತ್ರಿ?"

ಮೇಸ್ತ್ರಿ ಸೊಂಟದ ಸುಣ್ಣದ ಡಬ್ಬಿಯ ಮೇಲೆ ಕೈಯಿಟ್ಟರು. ಈಗ ಏನಾದರೊಂದು ಹೆಸರು ಹೇಳಿಬಿಡುತ್ತಾರೆ, ಡೀಸೆಲು ಅಂತಲೋ ತಿನ್ನರು ಅಂತಲೋ ಅಂದು ಎದ್ದುಬಿಡುತ್ತಾರೆ ಅಂತ ನನಗೆ ಭಯವಾಯಿತು. ಹೇಳಿದ್ದರೆ ನಾನು 'ಸುಳ್ಳು' ಎನ್ನುತ್ತಿದ್ದೆನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

"ನಂಗೊತ್ತಿಲ್ಲ ಕಣೋ" ಅಂದರು. "ನಾನದುನ್ನ ಮೂಸಿದ್ದು ಸುಳ್ಳು. ನಂಗೆ ಯಾವ ವಾಸ್ನೇನೂ ಬರಲ್ಲ. ಸುಮ್ನೆ ಗೀಟೆಳ್ದಿದ್ದೆ."

ಲೋಕೇಶ ಸಿಟ್ಟಾಗುತ್ತಾನೆ ಅಂತ ಕಾದೆ. ಅವನು ಕೈಚಾಚಿ ತಡಕಾಡಿ ಮೇಸ್ತ್ರಿಯ ಮೊಣಕಾಲು ಹಿಡಿದುಕೊಂಡ.

"ನಂಗೊತ್ತಿತ್ತು ಮೇಸ್ತ್ರಿ" ಅಂದ. "ಒಂದಿನ ನಿಮ್ ಕಾಲತ್ರ ತಿನ್ನರ್ ಚೆಲ್ಲಿತ್ತು. ನೀವು ಬೆಸುಗೆ ಒಲೆ ಹಚ್ಚಕ್ಕೆ ಕಡ್ಡಿ ಗೀರಕ್ಕೋದ್ರಿ. ಬೀಡಿಗೆ ಬೇಕು ಅಂತ ನಾನು ಬೆಂಕಿಪಟ್ಣ ಕಿತ್ಕಂಡೆ. ಅವತ್ತೇ ಗೊತ್ತಾಯ್ತು."

ಅವತ್ತಿನಿಂದ ಅವನು ಗೀಟನ್ನು ನೋಡುವುದೇ ಬಿಟ್ಟಿದ್ದ. ಮೇಸ್ತ್ರಿ ಇಲ್ಲದಾಗ ತಾನೇ ಮೂಸಿ ನೋಡಿಕೊಳ್ಳುತ್ತಿದ್ದ. ಮೂಸುವ ಮೊದಲು ಬಿಸಿಲಿಗಿಡುವುದು ಯಾಕೆ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಆದರೆ ಅದನ್ನು ಕೇಳಬೇಕಾದರೆ, ನಿಮ್ಮ ಮೂಗು ಹೋಗಿರುವುದು ನನಗೆ ಗೊತ್ತು ಎಂದೂ ಹೇಳಬೇಕಾಗುತ್ತಿತ್ತು.

"ಹೇಳ್ಬುಡಾನ ಅಂತ ಎಷ್ಟೋ ಸಲ ಬಾಯಿಗೆ ಬಂದಿತ್ತು" ಅಂದ. "ಹೇಳಿದ್ರೆ ನಿಮ್ಗೆ ಮನ್ಸಿಗೆ ನೋಯ್ತದೆ ಅಂತ ಸುಮ್ನಾಗ್ಬುಟ್ಟೆ."

ಮೇಸ್ತ್ರಿ ಅವನ ಮುಖವನ್ನೇ ನೋಡುತ್ತಿದ್ದರು. ಹೊಲಿಗೆಯ ಗುರುತು ಹಣೆಯಿಂದ ಕೆನ್ನೆಯ ತನಕ ಸೊಟ್ಟಗೆ ಇಳಿದಿತ್ತು. ಅವರು ತಮ್ಮ ಹೆಬ್ಬೆರಳಿನಿಂದ ಅದನ್ನು ಮೇಲಿಂದ ಕೆಳಗೆ ಒಂದು ಸಲ ಮುಟ್ಟಿ ನೋಡಿದರು.

"ನೋಯ್ತಿತ್ತು ಕಣೋ ಲೋಕೇಶ" ಅಂದರು. "ನೋಯ್ತಿತ್ತು. ಅಷ್ಟೇ ತಾನೆ."